ಸೊನ್ನೆ ಬಿಲ್ ಬರುತ್ತಿದ್ದ ಮನೆಗೆ 1,865 ರೂಪಾಯಿ ಬಂದಿದ್ದೇಕೆ?

ಪ್ರಶ್ನೆ: ನಾನು ಹರಿಹರದಲ್ಲಿರುವ ನಿವೃತ್ತ ಶಿಕ್ಷಕ. ಮನೆಯಲ್ಲಿ ನಾವಿಬ್ಬರು, ಮಗ, ಸೊಸೆ, ಮೊಮ್ಮಗಳು, ಒಟ್ಟು ಐದು ಜನ. ಗೃಹಜ್ಯೋತಿ ಬಂದ ಮೇಲೆ ನಮಗೆ ಸೊನ್ನೆ ಬಿಲ್ ಬರುತ್ತಿತ್ತು. ಮಂಜೂರಾದ ಲೋಡ್ 3 ಕಿಲೋವ್ಯಾಟ್, ಉಚಿತ ಅರ್ಹತೆ 165 ಯೂನಿಟ್. 2025ರ ಏಪ್ರಿಲ್ ತಿಂಗಳಲ್ಲಿ 214 ಯೂನಿಟ್ ಆಗಿ 1,865 ರೂಪಾಯಿ ಬಿಲ್ ಬಂತು. ಮನೆಯಲ್ಲಿ ನಾಲ್ಕು ಫ್ಯಾನ್, 12 ವರ್ಷದ ಫ್ರಿಜ್, 15 ಲೀಟರ್ ಗೀಸರ್, ಟಿವಿ, ಯುಪಿಎಸ್, ವಾಷಿಂಗ್ ಮಷಿನ್, ನೀರಿನ ಮೋಟರ್ ಇವೆ. ಬಲ್ಬೆಲ್ಲ ಎಲ್‌ಇಡಿ. ಮಗ ಎಸಿ ಹಾಕಿಸೋಣ ಅನ್ನುತ್ತಾನೆ. ಅಂಗಡಿಯವರು ಪ್ಲಗ್‌ಗೆ ಹಾಕುವ "ಪವರ್ ಸೇವರ್" ತಗೊಳ್ಳಿ ಅನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೇಷ್ಟ್ರೇ, ನಮಸ್ಕಾರ. ಮೊದಲು ಒಂದು ಮಾತು. ಪವರ್ ಸೇವರ್ ತಗೊಳ್ಳಬೇಡಿ, ಎಸಿಯನ್ನೂ ಈಗಲೇ ತರಬೇಡಿ. ಎರಡಕ್ಕೂ ಕಾರಣ ಆಮೇಲೆ ಹೇಳುತ್ತೇನೆ. ಅದಕ್ಕೂ ಮುಂಚೆ ನಿಮ್ಮ ಬಿಲ್ ಬಿಡಿಸಿ ನೋಡೋಣ. ದುಡ್ಡು ಎಲ್ಲಿ ಹೋಯಿತು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ದರದಲ್ಲಿ ಮನೆ ಬಳಕೆಯ ಕರೆಂಟಿಗೆ ಯೂನಿಟ್‌ಗೆ 5 ರೂಪಾಯಿ 80 ಪೈಸೆ ಇತ್ತು. ಹಿಂದಿನ ವರ್ಷ 5.90 ಇತ್ತು. ಹತ್ತು ಪೈಸೆ ಇಳಿಯಿತಲ್ಲ ಅಂತ ಖುಷಿಪಡುವ ಹಾಗಿಲ್ಲ. ಅದೇ ತಿಂಗಳಿಂದ ನೌಕರರ ಪಿಂಚಣಿ, ಗ್ರಾಚ್ಯುಟಿ ಬಾಬ್ತು ಯೂನಿಟ್‌ಗೆ 36 ಪೈಸೆ ಸೇರಿತು. ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 120ರಿಂದ 145 ರೂಪಾಯಿಗೆ ಏರಿತು. ಯೂನಿಟ್ ದರದ ಮೊತ್ತದ ಮೇಲೆ ಶೇ 9 ತೆರಿಗೆ. ನಿಮ್ಮ 214 ಯೂನಿಟ್‌ಗೆ 1,241 ರೂಪಾಯಿ, ಪಿಂಚಣಿ ಬಾಬ್ತು 77, ತೆರಿಗೆ 112, ಮೂರು ಕಿಲೋವ್ಯಾಟ್‌ಗೆ ನಿಗದಿತ ಶುಲ್ಕ 435. ಕೂಡಿಸಿದರೆ 1,865. ಲೆಕ್ಕ ಸರಿಯಾಗಿದೆ, ಮೀಟರ್ ಮೇಲೆ ಅನುಮಾನ ಬೇಡ.

ಈಗ ನಿಮ್ಮ ಬಳಕೆ 195 ಯೂನಿಟ್ ಆಗಿದ್ದರೆ ಅಂದುಕೊಳ್ಳಿ. 165 ಉಚಿತ. ಉಳಿದ 30 ಯೂನಿಟ್‌ಗೆ ಯೂನಿಟ್ ದರದಲ್ಲಿ 200 ರೂಪಾಯಿ ಆಸುಪಾಸು. 200 ಯೂನಿಟ್ ದಾಟಿದ ತಕ್ಷಣ ಉಚಿತದ ಲೆಕ್ಕವೇ ಬಿದ್ದುಹೋಗಿ, ಮೊದಲ ಯೂನಿಟ್‌ನಿಂದ ಪೂರ್ತಿ ಬಿಲ್ ಬರುತ್ತದೆ. ಅಂದರೆ ನಿಮ್ಮ ಮನೆಯಲ್ಲಿ ಆ 19 ಯೂನಿಟ್‌ಗೆ 1,600 ರೂಪಾಯಿಗೂ ಮೇಲೆ ಬೆಲೆ ಬಿದ್ದಿದೆ. ದರ ಇಳಿಸುವುದು ನಮ್ಮ ಕೈಯಲ್ಲಿಲ್ಲ. ಈ 19 ಯೂನಿಟ್ ನಮ್ಮ ಕೈಯಲ್ಲಿದೆ, ಅಲ್ವಾ?

ಹಾಗಾದರೆ ಯಾವ ವಸ್ತು ಎಷ್ಟು ತಿನ್ನುತ್ತಿದೆ? ಇದಕ್ಕೆ ಒಂದು ಪೈಸೆ ಖರ್ಚಿಲ್ಲದ ದಾರಿಯಿದೆ. ನಿಮ್ಮ ಮೀಟರ್ ಮುಂದೆ ನಿಂತುಕೊಳ್ಳಿ. ಅದರಲ್ಲೊಂದು ಪುಟ್ಟ ಕೆಂಪು ದೀಪ ಮಿಣಮಿಣ ಅನ್ನುತ್ತಿರುತ್ತದೆ. ಮೀಟರ್ ಮುಖದ ಮೇಲೆ ಸಣ್ಣ ಅಕ್ಷರದಲ್ಲಿ 3200 ಅಂತಲೋ 1600 ಅಂತಲೋ ಬರೆದಿರುತ್ತದೆ. ಆ ದೀಪ ಅಷ್ಟು ಸಲ ಮಿನುಗಿದರೆ ಒಂದು ಯೂನಿಟ್ ಅಂತ ಅರ್ಥ. 3200 ಇದ್ದರೆ ಲೆಕ್ಕ ಸುಲಭ. ಒಂದು ಮಿನುಗಿನಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡ್ ಅಂತ ಎಣಿಸಿ, 1125ನ್ನು ಆ ಸಂಖ್ಯೆಯಿಂದ ಭಾಗಿಸಿ. ಆ ಹೊತ್ತಿಗೆ ಮನೆ ಎಷ್ಟು ವ್ಯಾಟ್ ಎಳೆಯುತ್ತಿದೆ ಅಂತ ಗೊತ್ತಾಗುತ್ತದೆ. ಮೀಟರ್‌ನಲ್ಲಿ 1600 ಅಂತಿದ್ದರೆ 1125ರ ಬದಲು 2250. ಮೀಟರ್ ಮುಟ್ಟುವುದು, ಬಿಚ್ಚುವುದು ಏನೂ ಬೇಡ. ಬರೀ ನೋಡಿದರೆ ಸಾಕು.

ಎಲ್ಲ ಆಫ್ ಮಾಡಿ, ಫ್ರಿಜ್ ಪ್ಲಗ್ ಹತ್ತು ನಿಮಿಷ ಕಿತ್ತಿಟ್ಟು, ಹಾಲ್ ಫ್ಯಾನ್ ಒಂದನ್ನೇ ಪೂರ್ತಿ ಸ್ಪೀಡಿಗೆ ಹಾಕಿ. ಹಳೇ ಫ್ಯಾನ್ ಆದರೆ 15 ಸೆಕೆಂಡಿಗೊಮ್ಮೆ ದೀಪ ಮಿನುಗುತ್ತದೆ. ಅಂದರೆ 75 ವ್ಯಾಟ್. ಮೊಮ್ಮಗಳನ್ನು ಮೊಬೈಲ್‌ನ ಸ್ಟಾಪ್‌ವಾಚ್ ಕೊಟ್ಟು ಮೀಟರ್ ಹತ್ತಿರ ನಿಲ್ಲಿಸಿ, ನೀವು ಒಂದೊಂದೇ ಸ್ವಿಚ್ ಹಾಕುತ್ತಾ ಬನ್ನಿ. ಮೇಷ್ಟ್ರ ಮನೆಯಲ್ಲಿ ಭಾಗಾಕಾರಕ್ಕೇನು ಬರ?

ಕೊನೆಗೆ ಇನ್ನೊಂದು ಪರೀಕ್ಷೆ. ಎಲ್ಲ ಸ್ವಿಚ್ ಆಫ್ ಇದೆ, ಫ್ರಿಜ್ ಪ್ಲಗ್ ಕಿತ್ತಿದೆ ಅಂದಾಗ ದೀಪ ಮಿನುಗಬಾರದು. ಮಿನುಗುತ್ತಿದ್ದರೆ ಯಾವುದೋ ಕಳ್ಳ ಬಾಯಿ ತೆರೆದಿದೆ ಅಂತ ಲೆಕ್ಕ. ನನ್ನ ಮನೆಯಲ್ಲೇ ಇದನ್ನು ಮಾಡಿದಾಗ 28 ಸೆಕೆಂಡಿಗೊಮ್ಮೆ ಮಿನುಗುತ್ತಿತ್ತು. 40 ವ್ಯಾಟ್! ಯಾವುದೂ ಓಡುತ್ತಿಲ್ಲ, ಆದರೂ ತಿಂಗಳಿಗೆ 29 ಯೂನಿಟ್ ಸೋರುತ್ತಿದೆ. ಒಂದೊಂದೇ ಪ್ಲಗ್ ಕಿತ್ತು ನೋಡಿದೆ. ಯುಪಿಎಸ್ ಪ್ಲಗ್ ಕಿತ್ತ ಕೂಡಲೇ ಮಿನುಗು 90 ಸೆಕೆಂಡಿಗೆ ಇಳಿಯಿತು. ಐದು ವರ್ಷದ ಬ್ಯಾಟರಿ ಸೋತಿತ್ತು. ಎಷ್ಟು ಚಾರ್ಜ್ ಆದರೂ ಸಾಲದೆ, ಹಗಲೂ ರಾತ್ರಿ ಎಳೆಯುತ್ತಲೇ ಇತ್ತು. ಮುಟ್ಟಿದರೆ ಬೆಚ್ಚಗಿತ್ತು, ಡಿಸ್ಟಿಲ್ಡ್ ವಾಟರ್ ಬೇಗ ಬೇಗ ಖಾಲಿಯಾಗುತ್ತಿತ್ತು. ಉಳಿದದ್ದು ಟಿವಿಯ ಸೆಟ್ ಟಾಪ್ ಬಾಕ್ಸ್. ರಿಮೋಟ್‌ನಲ್ಲಿ ಆಫ್ ಮಾಡಿದರೂ ಅದು ಒಳಗೊಳಗೇ ಎಚ್ಚರವಾಗಿಯೇ ಇರುತ್ತದೆ. ಗೋಡೆಯ ಸ್ವಿಚ್ಚೇ ಆಫ್ ಮಾಡಬೇಕು. ನಿಮ್ಮ ಯುಪಿಎಸ್ ಬ್ಯಾಟರಿಗೂ ನಾಲ್ಕೈದು ವರ್ಷ ಆಗಿದ್ದರೆ ಮೊದಲ ಅನುಮಾನ ಅದರ ಮೇಲೇ ಇರಲಿ.

ಈಗ ಫ್ಯಾನ್ ವಿಚಾರ. ಬೇಸಿಗೆಯಲ್ಲಿ ನಮ್ಮ ಮಧ್ಯ ಕರ್ನಾಟಕದ ಮನೆಗಳಲ್ಲಿ ಅತಿ ಹೆಚ್ಚು ಯೂನಿಟ್ ತಿನ್ನುವುದು ಬಹಳ ಸಲ ಇದೇ. ಯಾರಿಗೂ ಅನುಮಾನ ಬರುವುದಿಲ್ಲ, ಯಾಕೆಂದರೆ 75 ವ್ಯಾಟ್ ಅಂದರೆ ಏನು ಮಹಾ ಅನ್ನಿಸುತ್ತದೆ. ಆದರೆ ಗಂಟೆಗಳನ್ನು ನೋಡಿ. ಹಾಲ್ ಫ್ಯಾನ್ ಬೆಳಗ್ಗೆ 6ಕ್ಕೆ ಹಾಕಿದರೆ ರಾತ್ರಿ 10ರವರೆಗೆ ನಿಲ್ಲುವುದಿಲ್ಲ. 16 ಗಂಟೆ. ಮಲಗುವ ಕೋಣೆಗಳದ್ದೂ ಅಡುಗೆಮನೆ ಪಕ್ಕದ್ದೂ ಸೇರಿ ದಿನಕ್ಕೆ 40 ಫ್ಯಾನ್ ಗಂಟೆ ಅಂತಿಟ್ಟುಕೊಳ್ಳಿ. ದಿನಕ್ಕೆ 3 ಯೂನಿಟ್, ತಿಂಗಳಿಗೆ 90. ಬಿಎಲ್‌ಡಿಸಿ ಫ್ಯಾನ್ ಅಂತ ಈಗ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಪೂರ್ತಿ ಸ್ಪೀಡಿನಲ್ಲೂ 28ರಿಂದ 35 ವ್ಯಾಟ್ ಅಷ್ಟೇ. ಒಳಗಿನ ಮೋಟರ್‌ನಲ್ಲಿ ಅಯಸ್ಕಾಂತ ಇರುವುದರಿಂದ ಹಳೇ ಮೋಟರ್‌ನಂತೆ ಬಿಸಿಯಾಗಿ ಕರೆಂಟ್ ಹಾಳು ಮಾಡುವುದಿಲ್ಲ. ಗಾಳಿ ಅಷ್ಟೇ ಬರುತ್ತದೆ.

ನಿಮ್ಮ ಹಾಲ್ ಫ್ಯಾನ್ ಒಂದನ್ನೇ ಬದಲಿಸಿದರೆ ದಿನಕ್ಕೆ 16 ಗಂಟೆ ಕಾಲ 45 ವ್ಯಾಟ್ ಉಳಿತಾಯ. ತಿಂಗಳಿಗೆ 21 ಯೂನಿಟ್‌ಗೂ ಜಾಸ್ತಿ. 214ರಲ್ಲಿ 21 ಕಳೆಯಿರಿ, 193. ಆ ತಿಂಗಳು ನಿಮಗೆ 1,865 ರೂಪಾಯಿ ಬರುತ್ತಲೇ ಇರಲಿಲ್ಲ! ಫ್ಯಾನ್ ಬೆಲೆ ಎರಡೂವರೆಯಿಂದ ಮೂರೂವರೆ ಸಾವಿರ. ಬೇರೆ ಮನೆಯಲ್ಲಿ ಇದರ ಅಸಲು ಹುಟ್ಟಲು ಎರಡು ವರ್ಷ ಬೇಕಾಗಬಹುದು. 200ರ ಗೆರೆಯ ಮೇಲೆ ನಿಂತಿರುವ ನಿಮ್ಮಂಥ ಮನೆಗೆ ಬೇಸಿಗೆಯ ಎರಡೇ ತಿಂಗಳು ಸಾಕು. ಕೊಳ್ಳುವಾಗ ಒಂದು ಎಚ್ಚರ. ಬಿಎಲ್‌ಡಿಸಿ ಫ್ಯಾನನ್ನು ಹಳೇ ರೆಗ್ಯುಲೇಟರ್ ಮೂಲಕ ಓಡಿಸಬಾರದು. ಎಲೆಕ್ಟ್ರಿಷಿಯನ್‌ಗೆ ಹೇಳಿ ರೆಗ್ಯುಲೇಟರ್ ಬಿಡಿಸಿ ನೇರ ಸಂಪರ್ಕ ಕೊಡಿಸಿ. ಸ್ಪೀಡ್ ಬದಲಾಯಿಸಲು ರಿಮೋಟ್ ಬರುತ್ತದೆ. 2023ರ ಜನವರಿಯಿಂದ ಸೀಲಿಂಗ್ ಫ್ಯಾನ್‌ಗಳಿಗೂ ಸ್ಟಾರ್ ಚೀಟಿ ಕಡ್ಡಾಯ. ಆ ಚೀಟಿ ನೋಡಿಯೇ ತಗೊಳ್ಳಿ.

ಬಿಸಿನೀರಿನ ಲೆಕ್ಕ ಬೇರೆ ಥರ. ಒಂದು ಬಕೆಟ್ ಅಂದರೆ 20 ಲೀಟರ್ ನೀರನ್ನು 25 ಡಿಗ್ರಿಯಿಂದ ಸ್ನಾನದ ಹದಕ್ಕೆ, ಅಂದರೆ 42 ಡಿಗ್ರಿಗೆ ಕಾಯಿಸಲು 0.4 ಯೂನಿಟ್ ಬೇಕೇ ಬೇಕು. ಎಂಥ ಗೀಸರ್ ತಂದರೂ ಇದಕ್ಕಿಂತ ಕಡಿಮೆಯಾಗದು, ನೀರಿನ ಗುಣವೇ ಹಾಗೆ. ಐದು ಜನಕ್ಕೆ ದಿನಕ್ಕೆ 2 ಯೂನಿಟ್, ತಿಂಗಳಿಗೆ 60. ಶವರ್ ಕೆಳಗೆ ಎಂಟು ನಿಮಿಷ ನಿಂತರೆ ಎರಡು ಮೂರು ಬಕೆಟ್ ನೀರು ಸಲೀಸಾಗಿ ಹೋಗುತ್ತದೆ. ಇದನ್ನು ಮಗನಿಗೆ ಹೇಳಿ, ಬೈಯಬೇಡಿ, ಸುಮ್ನೆ ಒಂದು ದಿನ ಶವರ್ ಕೆಳಗೆ ಬಕೆಟ್ ಇಟ್ಟು ತೋರಿಸಿ.

ಗೀಸರ್‌ನಲ್ಲಿ ಉಳಿಸಬಹುದಾದದ್ದು ಎರಡು ಕಡೆ. 2 ಕಿಲೋವ್ಯಾಟ್‌ನ 15 ಲೀಟರ್ ಗೀಸರ್ 25ರಿಂದ 60 ಡಿಗ್ರಿಗೆ ಕಾಯಲು 18 ನಿಮಿಷ ಸಾಕು. ಎಲ್ಲರ ಸ್ನಾನ ಮುಗಿಯಲಿ ಅಂತ ಬೆಳಗ್ಗೆ 6ರಿಂದ 9ರವರೆಗೆ ಆನ್ ಇಟ್ಟರೆ ಅದು ಆರಿದಷ್ಟನ್ನು ಮತ್ತೆ ಮತ್ತೆ ಕಾಯಿಸುತ್ತಿರುತ್ತದೆ. ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿಬಿಡಿ. ಇನ್ನೊಂದು, ಗುಂಡಿ ತಿರುಗಿಸಿ ಉಷ್ಣತೆ 50ಕ್ಕೆ ಇಳಿಸಿ. 70 ಡಿಗ್ರಿಗೆ ಕಾಯಿಸಿ ಆಮೇಲೆ ತಣ್ಣೀರು ಬೆರೆಸುವುದರಲ್ಲಿ ಅರ್ಥವಿಲ್ಲ. ಏಪ್ರಿಲ್‌ನಲ್ಲಂತೂ ತಾರಸಿ ಟ್ಯಾಂಕಿನ ನೀರು ಸಂಜೆ ಹೊತ್ತಿಗೆ ಮುಟ್ಟಲಾಗದಷ್ಟು ಬಿಸಿ ಇರುತ್ತದೆ. ಆಗ ಗೀಸರ್ ಯಾಕೆ? ಸ್ನಾನ ಸಂಜೆಗೆ ಹಾಕಿಕೊಳ್ಳುವವರು ಒಬ್ಬಿಬ್ಬರಾದರೂ ಮನೆಯಲ್ಲಿ ಇರುತ್ತಾರೆ. ಚಳಿಗಾಲಕ್ಕೆ ಸೋಲಾರ್ ವಾಟರ್ ಹೀಟರ್ ಒಳ್ಳೆಯದು. ಸ್ವಂತ ಮನೆ, ತಾರಸಿಗೆ ಬಿಸಿಲು ಬೀಳುತ್ತದೆ ಅಂದರೆ ಇದು ನಮ್ಮ ಸೀಮೆಗೆ ಹೇಳಿ ಮಾಡಿಸಿದ ವಸ್ತು. ಮಲೆನಾಡಿನಲ್ಲಿ ಇಂದಿಗೂ ಅಡಿಕೆ ಸಿಪ್ಪೆ ಹಾಕಿ ಹಂಡೆ ಒಲೆ ಹಚ್ಚುತ್ತಾರೆ. ಅವರ ಕರೆಂಟ್ ಬಿಲ್‌ನಲ್ಲಿ ಬಿಸಿನೀರಿನ ಬಾಬ್ತೇ ಇರುವುದಿಲ್ಲ.

ಇಲ್ಲಿ ಒಬ್ಬರನ್ನು ನೆನೆಯದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಪ್ರೊ. ಅಮೂಲ್ಯ ರೆಡ್ಡಿ. 1974ರಲ್ಲಿ ಅಲ್ಲಿ 'ಅಸ್ತ್ರ' ಕೇಂದ್ರ ಶುರು ಮಾಡಿದವರು. ನಮ್ಮ ಹಳ್ಳಿಗಳಿಗೆ ಬಂದ ಅಸ್ತ್ರ ಒಲೆ ಆ ಕೇಂದ್ರದ್ದೇ. ಜನಕ್ಕೆ ಬೇಕಾಗಿರುವುದು ಕರೆಂಟ್ ಅಲ್ಲ, ಕರೆಂಟಿನಿಂದ ಆಗುವ ಕೆಲಸ ಅನ್ನುವುದು ಅವರ ವಾದ. ಬೆಳಕು ಬೇಕು, ಗಾಳಿ ಬೇಕು, ಬಿಸಿನೀರು ಬೇಕು, ತೋಟಕ್ಕೆ ನೀರು ಹರಿಯಬೇಕು. ಅದೇ ಕೆಲಸ ಕಡಿಮೆ ಕರೆಂಟಿನಲ್ಲಿ ಆದರೆ ಯಾರಿಗೂ ನಷ್ಟವಿಲ್ಲ. 1990ರ ಆಸುಪಾಸಿನಲ್ಲಿ ಕರ್ನಾಟಕಕ್ಕೆ ಮುಂದೆ ಎಷ್ಟು ವಿದ್ಯುತ್ ಬೇಕು ಅಂತ ಸರ್ಕಾರಿ ಲೆಕ್ಕಾಚಾರ ನಡೆದಾಗ, ಅವರೂ ಅವರ ಜೊತೆಗಾರರೂ ಬೇರೆಯೇ ಲೆಕ್ಕ ಹಾಕಿ ತೋರಿಸಿದರು. ದೀಪ, ಪಂಪ್‌ಸೆಟ್, ನೀರು ಕಾಯಿಸುವ ವ್ಯವಸ್ಥೆ ಸುಧಾರಿಸಿದರೆ ಎಲ್ಲರ ಮನೆಗೂ ಕರೆಂಟ್ ಕೊಟ್ಟೂ ಅಷ್ಟೊಂದು ಹೊಸ ಸ್ಥಾವರ ಬೇಕಾಗುವುದಿಲ್ಲ ಅಂತ. ನಾನು ಈ ಕೆಲಸಕ್ಕೆ ಬಂದದ್ದೇ ಅವರ ಬರಹ ಓದಿ. ಉಳಿತಾಯ ಅಂದರೆ ಕತ್ತಲಲ್ಲಿ ಕೂರುವುದು, ಸೆಖೆಯಲ್ಲಿ ಬೇಯುವುದು ಅಂತ ನಮ್ಮ ಜನ ಅಂದುಕೊಂಡಿದ್ದಾರಲ್ಲ, ಅದು ನನಗೆ ನಿಜಕ್ಕೂ ಸಂಕಟ ತರುತ್ತದೆ. ನಿಮ್ಮ ಮನೆಯವರು ಫ್ಯಾನ್ ಆಫ್ ಮಾಡಿ ಬೆವರುವುದು ಬೇಡ. ಅದೇ ಗಾಳಿ ಅರ್ಧಕ್ಕಿಂತ ಕಡಿಮೆ ಕರೆಂಟಿನಲ್ಲಿ ಬರಲಿ.

ಫ್ರಿಜ್‌ಗೆ ಬರೋಣ. 12 ವರ್ಷ ಅಂದರೆ ಸಾಕಷ್ಟು ದುಡಿದಿದೆ. ಬಾಗಿಲಿನ ರಬ್ಬರ್ ಹಿಡಿತ ನೋಡಿ. ಹತ್ತು ರೂಪಾಯಿ ನೋಟನ್ನು ಬಾಗಿಲ ಸಂದಿಗಿಟ್ಟು ಮುಚ್ಚಿ, ಮೆಲ್ಲಗೆ ಎಳೆಯಿರಿ. ಸಲೀಸಾಗಿ ಬಂದುಬಿಟ್ಟರೆ ರಬ್ಬರ್ ಹೋಗಿದೆ, ತಂಪು ಸೋರುತ್ತಿದೆ. ರಬ್ಬರ್ ಮಾತ್ರ ಬದಲಿಸಲು ಬರುತ್ತದೆ. ಹಿಂದಿನ ಗೋಡೆಗೆ ಒಂದು ಗೇಣು ಜಾಗ ಬಿಡಿ. ಬಿಸಿ ಸಾರಿನ ಪಾತ್ರೆ ಆರಿದ ಮೇಲೇ ಒಳಗಿಡಿ. ಇಷ್ಟಾದ ಮೇಲೆ ಒಂದು ದಿನ ಅದರ ಯೂನಿಟ್ ಅಳೆಯಿರಿ. ಪ್ಲಗ್‌ಗೆ ಹಾಕಿ ಯೂನಿಟ್ ತೋರಿಸುವ ಚಿಕ್ಕ ಮೀಟರ್ ಸಾವಿರ ರೂಪಾಯಿ ಆಸುಪಾಸಿಗೆ ಸಿಗುತ್ತದೆ, ಬೀದಿಯ ನಾಲ್ಕು ಮನೆಯವರು ಸೇರಿ ಒಂದು ತಂದರೂ ಆಯಿತು. ದಿನಕ್ಕೆ ಒಂದೂವರೆ ಯೂನಿಟ್ ದಾಟಿದರೆ ಹೊಸದರ ಯೋಚನೆ ಮಾಡಿ. ಹೊಸ ಫ್ರಿಜ್‌ನ ಸ್ಟಾರ್ ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಬರೆದಿರುತ್ತದೆ. ನಕ್ಷತ್ರ ಎಣಿಸುವುದಕ್ಕಿಂತ ಆ ಸಂಖ್ಯೆ ನೋಡುವುದು ಮುಖ್ಯ. ಚೀಟಿಯ ಮೇಲಿನ ಅವಧಿಯನ್ನೂ ನೋಡಿ. ಮಾನದಂಡ ಆಗಾಗ ಬಿಗಿಯಾಗುತ್ತದೆ, ಹಳೇ ಐದು ನಕ್ಷತ್ರ ಇವತ್ತಿನ ಮೂರಕ್ಕೆ ಸಮ ಆಗಿರಬಹುದು.

ಮೋಟರ್, ವಾಷಿಂಗ್ ಮಷಿನ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಒಂದು ಎಚ್‌ಪಿ ಮೋಟರ್ ಗಂಟೆಗೆ ಹೆಚ್ಚು ಕಡಿಮೆ ಒಂದು ಯೂನಿಟ್. ಟ್ಯಾಂಕ್ ತುಂಬಿ ಹರಿಯದಂತೆ ನೋಡಿಕೊಂಡರೆ ಸಾಕು. ಮಷಿನ್‌ನಲ್ಲಿ ಬಿಸಿನೀರಿನ ಆಯ್ಕೆ ಇದ್ದರೆ ಅದನ್ನು ಮುಟ್ಟಬೇಡಿ. ಬಲ್ಬ್ ಕೆಲಸ ನೀವಾಗಲೇ ಮುಗಿಸಿದ್ದೀರಿ.

ಪವರ್ ಸೇವರ್ ಡಬ್ಬಿ ಯಾಕೆ ಬೇಡ ಅಂದೆ ಅಂದರೆ, ಅದರೊಳಗೆ ಇರುವುದು ಸಾಮಾನ್ಯವಾಗಿ ಒಂದು ಕೆಪ್ಯಾಸಿಟರ್, ಒಂದು ಹಸಿರು ದೀಪ. ಕೆಪ್ಯಾಸಿಟರ್‌ನಿಂದ ಪವರ್ ಫ್ಯಾಕ್ಟರ್, ಅಂದರೆ ಎಳೆದ ಕರೆಂಟಿನಲ್ಲಿ ನಿಜಕ್ಕೂ ಕೆಲಸಕ್ಕೆ ಬರುವ ಪಾಲು, ಸುಧಾರಿಸುತ್ತದೆ ನಿಜ, ದೊಡ್ಡ ಮೋಟರ್ ಓಡಿಸುವ ಕಾರ್ಖಾನೆಗೆ ಅದು ಬೇಕು. ಮನೆ ಮೀಟರ್ ಲೆಕ್ಕ ಹಿಡಿಯುವುದು ಯೂನಿಟ್ ಮಾತ್ರ. ಆ ಡಬ್ಬಿ ಹಾಕಿದ್ದರಿಂದ ಯೂನಿಟ್ ಕಡಿಮೆಯಾಗುವುದಿಲ್ಲ. ನಂಬಿಕೆ ಬರದಿದ್ದರೆ ಅದೇ ಕೆಂಪು ದೀಪದ ಮುಂದೆ ಪರೀಕ್ಷೆ ಮಾಡಿ, ಡಬ್ಬಿ ಹಾಕಿದರೂ ತೆಗೆದರೂ ಮಿನುಗು ಹಾಗೇ ಇರುತ್ತದೆ. ವಯಸ್ಸಾದವರಿಗೆ ಇದನ್ನು ಮಾರುವುದು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಎಸಿ ವಿಚಾರದಲ್ಲಿ ಮಗನ ಆಸೆ ತಪ್ಪಲ್ಲ. ಈಚಿನ ಬೇಸಿಗೆ ಹಾಗಿದೆ. ಆದರೆ ಒಂದು ಟನ್‌ನ ಒಳ್ಳೆಯ ಇನ್ವರ್ಟರ್ ಎಸಿ ಕೂಡ ರಾತ್ರಿ ಆರು ಗಂಟೆ ಓಡಿದರೆ ನಾಲ್ಕೈದು ಯೂನಿಟ್ ಆಗುತ್ತದೆ. ತಿಂಗಳಿಗೆ 120ರಿಂದ 150. ಆಗ 200ರ ಮಾತೇ ಇಲ್ಲ. ಅದಕ್ಕೇ ಮೊದಲು ತಾರಸಿ ನೋಡಿ ಅನ್ನುತ್ತೇನೆ. ನಿಮ್ಮದು ಆರ್‌ಸಿಸಿ ಮನೆ ಆಗಿರಬೇಕು. ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿ ಹನ್ನೆರಡರವರೆಗೂ ಒಳಗೆ ಬಿಸಿ ಇಳಿಸುತ್ತಿರುತ್ತದೆ. ಮಲಗಿ ಅಂಗೈಯನ್ನು ಮೇಲಕ್ಕೆ ಚಾಚಿದರೆ ಆ ಕಾವು ತಾಗುತ್ತದೆ. ನಮ್ಮ ಹಿರಿಯರ ಮಣ್ಣಿನ ಮಾಳಿಗೆ ಮನೆಗಳಲ್ಲಿ ಈ ಕಷ್ಟ ಇರಲಿಲ್ಲ, ದಪ್ಪ ಮಣ್ಣು ಬಿಸಿಲನ್ನು ಮೇಲೇ ತಡೆಯುತ್ತಿತ್ತು. ಈಗ ಮಣ್ಣು ಹೊದಿಸಲು ಆಗದು, ಸುಣ್ಣ ಬಳಿಯಬಹುದು. ಫೆಬ್ರವರಿ ಕೊನೆಗೆ ತಾರಸಿ ಗುಡಿಸಿ ತೊಳೆದು, ಗಟ್ಟಿ ಸುಣ್ಣಕ್ಕೆ ಅಂಟು ಬೆರೆಸಿ ಎರಡು ಕೋಟ್ ಹೊಡೆಸಿ. ಬಿಳಿ ಬಣ್ಣ ಬಿಸಿಲನ್ನು ಆಕಾಶಕ್ಕೇ ವಾಪಸ್ ಕಳಿಸುತ್ತದೆ. ಒಳಗೆ ಎರಡು ಮೂರು ಡಿಗ್ರಿ ಕಡಿಮೆಯಾದರೂ ನಿದ್ದೆಗೆ ಅದು ದೊಡ್ಡದು. ತೆಲಂಗಾಣ 2023ರಲ್ಲಿ ಇದಕ್ಕೇ ಅಂತ ತಂಪು ಚಾವಣಿ ನೀತಿ ತಂದಿದೆ. ನಮ್ಮಲ್ಲೂ ಬರಬೇಕು ಅಂತ ನನ್ನ ಆಸೆ. ಪಶ್ಚಿಮದ ಕಿಟಕಿಗೆ ಹೊರಗಡೆಯಿಂದ ಚಾಪೆಯೋ ಗೋಣಿಯೋ ಇಳಿಬಿಡಿ. ಒಳಗಿನ ಪರದೆಗಿಂತ ಅದು ಎಷ್ಟೋ ಮೇಲು, ಬಿಸಿಲು ಗಾಜು ದಾಟಿ ಒಳಗೆ ಬಂದ ಮೇಲೆ ತಡೆದು ಏನು ಬಂತು?

ಇಷ್ಟು ಮಾಡಿದ ಮೇಲೂ ಎಸಿ ಬೇಕೆನ್ನಿಸಿದರೆ ಒಂದೇ ಕೋಣೆಗೆ ಹಾಕಿಸಿ, 26ಕ್ಕಿಟ್ಟು ಮೇಲೆ ಫ್ಯಾನ್ ಓಡಿಸಿ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ಕರೆಂಟ್ ಉಳಿಯುತ್ತದೆ. ಆಗ ತಾರಸಿ ಸೋಲಾರ್ ಯೋಚನೆಗೂ ಅರ್ಥ ಬರುತ್ತದೆ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟ್‌ಗೆ 30,000 ರೂಪಾಯಿ, 3 ಕಿಲೋವ್ಯಾಟ್‌ಗೆ ಒಟ್ಟು 78,000 ರೂಪಾಯಿ ಸಹಾಯಧನ ಇದೆ. ಒಂದು ಕಿಲೋವ್ಯಾಟ್ ನಮ್ಮ ಬಿಸಿಲಿಗೆ ದಿನಕ್ಕೆ ನಾಲ್ಕು ಯೂನಿಟ್ ಆಸುಪಾಸು ಕೊಡುತ್ತದೆ. ಬಳಕೆ ಇಳಿಸಿ ಆಮೇಲೆ ಸೋಲಾರ್ ಹಾಕಿದರೆ ಮೂರರ ಬದಲು ಎರಡೇ ಕಿಲೋವ್ಯಾಟ್ ಸಾಕಾಗಬಹುದು. ತೂತು ಬಕೆಟ್‌ಗೆ ದೊಡ್ಡ ನಲ್ಲಿ ಹಾಕಿಸಬೇಡಿ.

ಪೂರ್ತಿ ಬಿಲ್ ಕಟ್ಟಬೇಕಾದ ತಿಂಗಳಲ್ಲಿ ಲೋಡ್ ಕೂಡ ಲೆಕ್ಕಕ್ಕೆ ಬರುತ್ತದೆ. 3 ಕಿಲೋವ್ಯಾಟ್ ಮಂಜೂರಾಗಿದ್ದರೂ ನಿಜಕ್ಕೂ ಬೇಕಿರುವುದು ಎರಡೇ ಆದರೆ, ಇಳಿಸಿಕೊಡಿ ಅಂತ ಅರ್ಜಿ ಕೊಡಬಹುದು. 2025ರ ದರದಲ್ಲಿ ತಿಂಗಳಿಗೆ 145 ರೂಪಾಯಿ ಉಳಿಯುತ್ತಿತ್ತು. ಆದರೆ ಮೀಟರ್ ನಿಮ್ಮ ಗರಿಷ್ಠ ಬಳಕೆಯನ್ನು ಎಂಡಿ ಅಂತ ದಾಖಲಿಸುತ್ತಿರುತ್ತದೆ. ಗೀಸರ್, ಇಸ್ತ್ರಿಪೆಟ್ಟಿಗೆ, ಮೋಟರ್ ಒಟ್ಟಿಗೆ ಓಡಿಸುವ ಮನೆಯಾದರೆ ಇಳಿಸಬೇಡಿ, ದಂಡ ಬೀಳುತ್ತದೆ. ಎಸಿ ಬರುವ ಸಾಧ್ಯತೆ ಇದ್ದರಂತೂ ಇದನ್ನು ಸದ್ಯಕ್ಕೆ ಬಿಡಿ.

ಈ ಭಾನುವಾರದಿಂದ ಒಂದು ಕೆಲಸ ಶುರು ಮಾಡಿ. ಬೆಳಗ್ಗೆ ಎದ್ದು ಮೀಟರ್ ರೀಡಿಂಗ್ ನೋಡಿ ಗೋಡೆಯ ಕ್ಯಾಲೆಂಡರ್ ಮೇಲೆ ಬರೆಯಿರಿ. ವಾರಕ್ಕೆ 45 ಯೂನಿಟ್ ಒಳಗಿದ್ದರೆ ತಿಂಗಳಿಗೆ 200 ದಾಟುವುದಿಲ್ಲ. ಎರಡನೇ ವಾರವೇ 50 ಬಂದರೆ ಇನ್ನೂ ಸರಿಮಾಡಿಕೊಳ್ಳಲು ಹದಿನೈದು ದಿನ ಕೈಯಲ್ಲಿರುತ್ತದೆ. ಯುಪಿಎಸ್ ಪರೀಕ್ಷೆ ಆ ಭಾನುವಾರವೇ ಮಾಡಿಬಿಡಿ, ಹಾಲ್ ಫ್ಯಾನ್ ಮುಂದಿನ ಪಿಂಚಣಿ ಬಂದಾಗ ತನ್ನಿ. ತಾರಸಿಗೆ ಸುಣ್ಣ ಬಳಿಯುವವರಿಗೆ ಮಳೆಗಾಲ ಮುಗಿದ ಮೇಲೇ ಹೇಳಿಡಿ, ಫೆಬ್ರವರಿಯಲ್ಲಿ ಅವರು ಕೈಗೆ ಸಿಗುವುದಿಲ್ಲ.